ಕಬ್ಬಿನ ಹಾಲಿನ ಟೋನರು

ಬೇರೆಯವರ ದನಿಯನ್ನು ಕದಿಯಬಹುದು, ಚರ್ಮವನ್ನು ಕದಿಯಲಾಗದು. ಈ ಸತ್ಯ ನನಗೆ ಹೊಳೆದದ್ದು ಕನ್ನಡಿಯ ಮುಂದೆ. ನಾನು ಮಂಡ್ಯದ ಗುತ್ತಲಿನವನು. ಹಗಲೆಲ್ಲ ಬೈಕ್ ಷೋರೂಮಿನಲ್ಲಿ ಕೆಲಸ, ಸಂಜೆ ಮದುವೆ ಆರತಕ್ಷತೆಗಳಲ್ಲಿ ಮಿಮಿಕ್ರಿ. ಮೂರು ಸಲ ಕೆಮ್ಮದೆ ಬಾಯಿ ತೆರೆಯದ ನಮ್ಮ ಮ್ಯಾನೇಜರಿಂದ ಹಿಡಿದು, ಸೊಪ್ಪಿನವಳ ಜೊತೆ ಚೌಕಾಸಿ ಮಾಡುವ ಅಮ್ಮನವರೆಗೆ ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ಆದರೆ ಸ್ಟೇಜಿನ ಅಗ್ಗದ ಬಣ್ಣ ಬಳಿದೂ ಬಳಿದೂ ಕೆನ್ನೆ ಮಾತ್ರ ಜಲ್ಲಿ ಸುರಿದು ಟಾರು ಮರೆತ ರಸ್ತೆಯಂತಾಗಿತ್ತು. ಮೊಡವೆಗಳ ಮೇಲೆ ಮೊಡವೆ. ಅದಾಗಲೇ ಎರಡು ಸಂಬಂಧ ಕೈತಪ್ಪಿದ್ದವು. ಕಿರುಗಾವಲಿನ ಹುಡುಗಿಯ ಸೋದರತ್ತೆಯಂತೂ, "ಮಾತೇನೋ ಚೆಂದಾಗದೆ, ಫೋನಲ್ಲೇ ಸಂಸಾರ ಮಾಡಕ್ಕಾಯ್ತದಾ?" ಎಂದು ಮುಖದ ಮೇಲೇ ಕೇಳಿದ್ದರು. ಆ ದನಿಯೂ ಈಗ ನನ್ನ ಬಳಿ ಇದೆ, ಬೇಕಾದರೆ ಮಾಡಿ ತೋರಿಸುತ್ತೇನೆ.

ಮೂರನೆಯದು ಹಲಗೂರಿನ ಸಂಬಂಧ. ಹುಡುಗಿ ಪವಿತ್ರ, ಮಳವಳ್ಳಿಯ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಲ್ಯಾಬ್ ನೋಡಿಕೊಳ್ಳುವವಳು. ಫೋಟೋ ನೋಡಿದ ದಿನದಿಂದ ನನಗೆ ಮಿಮಿಕ್ರಿಯೂ ಬೇಡ, ಊಟವೂ ಬೇಡ. ಇದೊಂದು ಕೂಡಿಬರಲಿ ಎಂದು ಯೂಟ್ಯೂಬಿಗೆ ಶರಣಾದೆ. ಅಲ್ಲೊಬ್ಬ ಅಕ್ಕ ಮುಖಕ್ಕೆ ಹಚ್ಚುವ ಟೋನರನ್ನು ಮನೆಯಲ್ಲೇ ಮಾಡುವುದನ್ನು ಕಲಿಸುತ್ತಿದ್ದರು. ರೋಸ್ ವಾಟರ್, ಚೂರು ಗ್ಲಿಸರಿನ್, ತೂಕ ಮಾಡಿ ಹಾಕಬೇಕಾದ ನಿಯಾಸಿನಮೈಡ್ ಪುಡಿ, ಕೆಡದಂತೆ ಒಂದೆರಡು ಹನಿ ಪ್ರಿಸರ್ವೇಟಿವ್. ಎಲ್ಲವನ್ನೂ ತರಿಸಿದೆ. ಬಾಟಲಿಯನ್ನು ಬಿಸಿನೀರಲ್ಲಿ ಕುದಿಸಿ, ಕೈ ತೊಳೆದು, ಉಸಿರು ಬಿಗಿಹಿಡಿದು ಕಲಸಿದೆ. ಅಲ್ಲಿಗೆ ನಿಲ್ಲಿಸಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಕೊನೆಯಲ್ಲಿ ಆ ಅಕ್ಕ, "ಬೇಕಿದ್ದರೆ ಗ್ಲೈಕಾಲಿಕ್ ಆಸಿಡ್ಡಿರುವ ಇನ್ನೊಂದು ಟೋನರೂ ಬಳಸಬಹುದು ಫ್ರೆಂಡ್ಸ್, ಅದು ಕಬ್ಬಿನಲ್ಲೂ ಇರುತ್ತೆ" ಎಂದುಬಿಟ್ಟರು. ಮಂಡ್ಯದವನ ಮುಂದೆ ಕಬ್ಬಿನ ಹೆಸರು ಎತ್ತಬಾರದು. ಜಗತ್ತೆಲ್ಲ ದುಡ್ಡು ಕೊಟ್ಟು ಕೊಳ್ಳುವ ಸೌಂದರ್ಯ ನಮ್ಮ ಗದ್ದೆಯಲ್ಲಿ ಸೋಗೆ ಸಮೇತ ನಿಂತಿರುವಾಗ ಬಾಟಲಿಗೆ ಕೈಯೊಡ್ಡುವುದೇ? ಗಾಣದ ಅಂಗಡಿಯಿಂದ ಕಬ್ಬಿನ ಹಾಲು ತಂದು, ಶುಂಠಿ ನಿಂಬೆ ಬೇಡವೆಂದು ವಿಶೇಷವಾಗಿ ಹೇಳಿ, ಅದೇ ಟೋನರಿನ ಬಾಟಲಿಗೆ ಅರ್ಧದಷ್ಟು ತುಂಬಿಸಿದೆ.

ಅಮ್ಮ ನೋಡಿದಳು. "ಲೋ, ಕುಡಿಯೋದ್ನ ಮಕುಕ್ಕೆ ಬಳ್ಕಂಡೀಯೇನ್ಲಾ?"

"ಇದು ಸೈನ್ಸು ಕಣಮ್ಮ. ಚರ್ಮ ಒಳೀತದೆ."

"ನಿಮ್ಮಪ್ಪ ಉಟ್ದಾಗಿಂದ ಕಬ್ಬಿನ್ ಗದ್ದೇಲೇ ಬಿದ್ದವ್ರೆ. ಅವ್ರ್ ಮಕ ಒಳೀತಾ ಅದಾ, ನೋಡು ಒಸಿ!"

ಜಗಲಿಯಲ್ಲಿ ಕೂತಿದ್ದ ಅಪ್ಪ ಕೆನ್ನೆ ಸವರಿಕೊಂಡರು.

ಹುಡುಗಿ ನೋಡಲು ಹೊರಡಬೇಕಿದ್ದ ಭಾನುವಾರ ಬೆಳಗ್ಗೆ ಫ್ರಿಜ್ಜಿನಿಂದ ಬಾಟಲಿ ತೆಗೆದು ಮುಚ್ಚಳ ತಿರುಗಿಸಿದೆ. ಸೋಡಾದಂತೆ ಬುಸ್ಸೆಂದಿತು. ಔಷಧಿಗೆ ಜೀವ ಬಂದಿದೆ ಎಂದು ಹಿಗ್ಗಿ ಎರಡು ಕೋಟಿಂಗು ಹೊಡೆದುಕೊಂಡೆ. ಸೋದರಮಾವನ ಕಾರಿನಲ್ಲಿ ಮನೆಮಂದಿಯೆಲ್ಲ ಹೊರಟೆವು. ಮದ್ದೂರಿನಲ್ಲಿ ವಡೆ ತಿನ್ನಲು ಇಳಿದಾಗ ಒಂದು ನೊಣ ಬಂದು ವಡೆಯನ್ನು ಬಿಟ್ಟು ನನ್ನ ಮೂಗನ್ನು ಆರಿಸಿಕೊಂಡಿತು. ಮಳವಳ್ಳಿ ದಾಟುವಷ್ಟರಲ್ಲಿ ಅದರ ನೆಂಟರಿಷ್ಟರೂ ಕೂಡಿಕೊಂಡಿದ್ದರು. ಮಾವ ಕನ್ನಡಿಯಲ್ಲಿ ನೋಡಿ, "ಲೇ, ಸ್ನಾನ ಮಾಡಿದ್ದೀಯೇನ್ಲಾ?" ಎಂದರು.

ಹಲಗೂರಿನ ಆ ಮನೆಯ ನಡುಮನೆಯಲ್ಲಿ ನನ್ನನ್ನು ಎಲ್ಲರಿಗೂ ಕಾಣುವಂತೆ ಕೂರಿಸಿದರು. ನೊಣಗಳೂ ಕೂತವು. ಎಡಗೆನ್ನೆಗೆ ಒಂದು ಹೊಡೆದುಕೊಂಡೆ, ಬಲಗೆನ್ನೆಗೆ ಇನ್ನೊಂದು. ಮತ್ತೆ ಎಡ, ಮತ್ತೆ ಬಲ. ಮೂಲೆಯಲ್ಲಿದ್ದ ಪವಿತ್ರಳ ಅಜ್ಜಿ ಬಹಳ ಹೊತ್ತು ನೋಡಿ, ಮರುಕದಿಂದ ಹೇಳಿದರು: "ಕೆನ್ನೆ ಬಡ್ಕಂಡು ತಪ್ಪಾಯ್ತು ಅನ್ನೋದಾದ್ರೆ, ದ್ಯಾವ್ರ್ ಮನೆ ಆ ಕಡೀಕದೆ ಕಣಪ್ಪ. ಈ ಕಡೆ ಬರೀ ಟೀವಿ."

ಅಮ್ಮನಿಗೆ ಇನ್ನು ತಡೆಯಲಾಗಲಿಲ್ಲ. "ಕಬ್ಬಿನಾಲು ಬಳ್ಕಂಡ್ ಬಂದವ್ನೆ ಕಣವ್ವ, ಚೆಂದಾಗ್ ಕಾಣ್ಲಿ ಅಂತವ!"

ಮೂರನೆಯದೂ ಹೋಯಿತು ಎಂದುಕೊಂಡೆ. ಆಗ ಕಾಫಿ ತಟ್ಟೆ ಹಿಡಿದು ನಿಂತಿದ್ದ ಪವಿತ್ರ ಬಾಯಿಬಿಟ್ಟಳು: "ಅದ್ರ್ ಜೊತೆಗೆ ಇನ್ನೇನೇನ್ ಹಾಕಿದ್ರಿ?"

ಭಯವಾದರೆ ನನ್ನ ದನಿ ನನ್ನ ಮಾತು ಕೇಳುವುದಿಲ್ಲ. ಯೂಟ್ಯೂಬಿನ ಅಕ್ಕನೇ ಹೊರಬಂದರು. "ಹಾಯ್ ಫ್ರೆಂಡ್ಸ್! ಮೊದಲಿಗೆ ರೋಸ್ ವಾಟರ್ ತಗೊಳ್ಳೋಣ..." ಎಂದು ಶುರುಮಾಡಿ ಪ್ರಿಸರ್ವೇಟಿವ್‌ವರೆಗೆ ಒಂದೇ ಉಸಿರಿಗೆ ಒಪ್ಪಿಸಿದೆ. ಪವಿತ್ರ ನಕ್ಕ ರಭಸಕ್ಕೆ ತಟ್ಟೆಯಲ್ಲಿದ್ದ ಕಾಫಿಯೆಲ್ಲ ತುಳುಕಿತು.

"ಅದೆಲ್ಲಾ ಸರ್‍ಯಾಗೇ ಹಾಕಿದ್ದೀರ ಕಣ್ರೀ. ಆ ಕಬ್ಬಿನ್ ಹಾಲೊಂದ್ ಬುಟ್ಟಿದ್ರೆ ಟೋನರ್ರೇ. ಅದ್ರಲ್ಲಿ ಆಸಿಡ್ ಎಲ್ಲೋ ಒಂಚೂರು, ಮಿಕ್ಕಿದ್ದೆಲ್ಲಾ ಸಕ್ರೆ. ಈಗದು ಹುಳಿ ಬಂದದೆ. ಮೊದ್ಲು ಮುಖ ತೊಳ್ಕಬನ್ನಿ, ಉರೀತದೆ."

ಹಿತ್ತಲಲ್ಲಿ ಮುಖ ತೊಳೆದು, ಬಣ್ಣವೂ ಇಲ್ಲದೆ ಟೋನರೂ ಇಲ್ಲದೆ, ಇದ್ದಬದ್ದ ಮೊಡವೆಗಳನ್ನೆಲ್ಲ ಹೊತ್ತು ಅವಳೆದುರು ಬಂದು ಕೂತೆ. ಅವಳು ಟವೆಲ್ ಕೊಡುತ್ತಾ ನೆಟ್ಟಗೆ ನೋಡಿದಳು. "ಈಗ ನೋಡ್ದಂಗಾಯ್ತು" ಎಂದಳು. ಅಷ್ಟೇ. ತುಳುಕಿದ ಕಾಫಿಗೆ ಬದಲು ಇನ್ನೊಂದು ಲೋಟ ಕೊಡಿ ಎಂದು ನನ್ನದೇ ದನಿಯಲ್ಲಿ ಕೇಳಿದೆ.

ಹೊರಡುವಾಗ ಅವರಪ್ಪ ಕಾರಿನ ಬಾಗಿಲ ಬಳಿ ಬಂದು, "ಬರೋ ಭಾನ್ವಾರ ಮನೆ ನೋಡಕ್ ಬತ್ತೀವಿ" ಎಂದರು. ನಮ್ಮ ಕಡೆ ಹುಡುಗಿಯ ಕಡೆಯವರು ಮನೆ ನೋಡಲು ಬರುತ್ತೇವೆಂದರೆ ಮುಕ್ಕಾಲು ಒಪ್ಪಿದಂತೆ. ಉಳಿದ ಕಾಲುಭಾಗ ಗೋಡೆಗಳ ಮೇಲೆ ನಿಂತಿರುತ್ತದೆ. ಆದ್ದರಿಂದ ಷೋರೂಮಿಗೆ ರಜೆ ಹಾಕಿ ಸುಣ್ಣ ಹೊಡೆಯುತ್ತಿದ್ದೇನೆ. ಮುಖಕ್ಕೆ ಈಗ ಬರೀ ನೀರು, ಗೋಡೆಗೆ ಬರೀ ಸುಣ್ಣ. ಆದರೂ, ಹಿಂದಿನವರು ಗಾರೆ ಗಟ್ಟಿಯಾಗಲೆಂದು ಬೆಲ್ಲ ಬೆರೆಸುತ್ತಿದ್ದರಂತೆ ಎಂದು ಎಲ್ಲೋ ಕೇಳಿದ್ದು ನಿನ್ನೆಯಿಂದ ತಲೆಯಲ್ಲಿ ಕೊರೆಯುತ್ತಿದೆ. ಅಮ್ಮ ಸುಣ್ಣದ ಬಕೀಟಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಾಳೆ. ಬೆಲ್ಲದ ಡಬ್ಬಿ, ನನ್ನ ಕೈಗೆ ಸಿಗದಂತೆ, ಅವಳ ಮಡಿಲಲ್ಲಿದೆ.