ಆಕಾಶಕನ್ಯೆಗೊಂದು ಲಗೇಜ್ ಟಿಕೆಟ್

ರೆಕ್ಕೆ ಮಾಡುವುದು ಏನು ಮಹಾ ಕೆಲಸ ಎಂದುಕೊಂಡಿದ್ದೆ. ಗುಬ್ಬಿಗಳು ಯಾವ ತರಬೇತಿಯೂ ಇಲ್ಲದೆ ರೆಕ್ಕೆ ಇಟ್ಟುಕೊಂಡು ಓಡಾಡುತ್ತವೆ. ಎಸ್ಸೆಸ್ಸೆಲ್ಸಿ ಪಾಸಾಗಿ, ಮೂರು ತಿಂಗಳು ಹೊಲಿಗೆ ಕ್ಲಾಸಿಗೂ ಹೋಗಿಬಂದ ನನಗೆ ಆಗದೇ?

ನಮ್ಮ ಕಡೆ ಮೊಬೈಲ್ ಇನ್ನೂ ಬಾರದಿದ್ದ ಕಾಲ. ಹಗರಿಬೊಮ್ಮನಹಳ್ಳಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನಮ್ಮ ಮನೆಯವರು ಬಸ್ ಕಂಡಕ್ಟರ್. ಹರಪನಹಳ್ಳಿಯಿಂದ ಕೊಟ್ಟೂರಿನ ಮೇಲೆ ನಮ್ಮೂರಿಗೆ, ಮತ್ತೆ ವಾಪಸ್ಸು. ದಿನಕ್ಕೆ ನಾಲ್ಕು ಸಲ ಅವರ ಬಸ್ಸು ನಮ್ಮ ಮನೆ ಹತ್ತಿರದ ಕ್ರಾಸ್ ದಾಟಿ ಹೋಗುತ್ತಿತ್ತು. ಬಟ್ಟೆ ಒಣಹಾಕುವ ನೆಪ ಮಾಡಿ ನಾನು ಮಾಳಿಗೆ ಹತ್ತಿ ನೋಡುತ್ತಿದ್ದೆ. ಅವರು ನೋಡುತ್ತಿದ್ದುದು ಬಾಗಿಲಲ್ಲಿ ಜೋತುಬಿದ್ದವರನ್ನು.

ಹನ್ನೊಂದು ವರ್ಷದ ಸಂಸಾರದಲ್ಲಿ ಆ ಮನುಷ್ಯ ನನ್ನನ್ನು ಒಂದು ದಿನವೂ ಬೈದವರಲ್ಲ. ಆದರೆ ನೋಡಿದವರೂ ಅಲ್ಲ. ದಿನಕ್ಕೆ ನೂರಾರು ಮುಖ ನೋಡಿ ದಣಿದ ಕಣ್ಣು, ಮನೆಗೆ ಬಂದರೆ ತಟ್ಟೆ ನೋಡುತ್ತಿತ್ತು, ಆಮೇಲೆ ಹಾಸಿಗೆ ನೋಡುತ್ತಿತ್ತು. ಒಮ್ಮೆ ಹೊಸ ಸೀರೆ ಉಟ್ಟು ಬೇಕೆಂದೇ ಅವರ ದಾರಿಗೆ ಅಡ್ಡ ನಿಂತೆ. "ಸ್ವಲ್ಪ ಮುಂದ ಸರೀರಿ" ಎಂದು ದಾಟಿ ಹೋದರು. ಹೆಂಡತಿಗೆ!

ಇಂಥ ಹೊತ್ತಿನಲ್ಲಿ ಕೊಟ್ಟೂರಿನ ಒಂದು ಮಹಿಳಾ ಸಂಘದ ಕರಪತ್ರ ನನ್ನ ಕೈಸೇರಿತು. ಗೃಹಿಣಿಯರಿಗಾಗಿ ವೇಷಭೂಷಣ ಸ್ಪರ್ಧೆ. ವಿಷಯ: ನಿಮ್ಮ ಮೆಚ್ಚಿನ ಸಿನಿಮಾ ಪಾತ್ರ. ಪ್ರಥಮ ಬಹುಮಾನ ಕುಕ್ಕರ್.

ಕುಕ್ಕರಿನ ಆಸೆ ನನಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಎದೆ ಡವಡವ ಎಂದದ್ದು ಬೇರೆ ಕಾರಣಕ್ಕೆ. ಹತ್ತು ವರ್ಷದವಳಿದ್ದಾಗ ಕೂಡ್ಲಿಗಿಯ ಟೆಂಟಿನಲ್ಲಿ, ಹೆಂಗಸರ ಕಡೆ ಮರಳಿನ ಮೇಲೆ ಅವ್ವನ ಪಕ್ಕ ಕೂತು ಒಂದು ಸಿನಿಮಾ ನೋಡಿದ್ದೆ. ಅದರಲ್ಲೊಬ್ಬ ಆಕಾಶಕನ್ಯೆ. ಮೋಡದ ಮೆಟ್ಟಿಲು ಇಳಿದು ಬಂದು, ಬೆಳ್ಳಿಯ ರೆಕ್ಕೆಗಳನ್ನು ನಿಧಾನವಾಗಿ ಬಿಚ್ಚುತ್ತಾಳೆ. ಅಷ್ಟು ಹೊತ್ತು ಗಲಾಟೆ ಮಾಡುತ್ತಿದ್ದ ಟೆಂಟಿಗೆ ಟೆಂಟೇ ಉಸಿರು ಹಿಡಿದು ಅವಳನ್ನೇ ನೋಡಿತು. ಮರುದಿನ ನಾನು ಅವ್ವನ ಸೀರೆಯನ್ನು ಎರಡೂ ತೋಳಿಗೆ ಕಟ್ಟಿಕೊಂಡು ಮೇವಿನ ಬಣವೆಯಿಂದ ಹಾರಿದೆ. ಮುಂದಿನ ಹಲ್ಲು ಹೋಯಿತು. ಆಸೆ ಹೋಗಲಿಲ್ಲ.

ರಾತ್ರಿ ಊಟಕ್ಕೆ ಬಡಿಸುತ್ತ ವಿಷಯ ತೆಗೆದೆ.

"ಬರೋ ಐತವಾರ ಕೊಟ್ಟೂರಾಗ ನಾ ವೇಷ ಹಾಕ್ತೀನ್ರಿ. ನೀವು ಬರ್ಬೇಕು."

"ಡ್ಯೂಟಿ ಐತಲ್ಲ."

"ನಿಮ್ಮ ಬಸ್ಸು ಮೂರೂವರಿಗೆ ಕೊಟ್ಟೂರಾಗ ಇಪ್ಪತ್ತು ನಿಮಿಷ ನಿಂದ್ರತೈತಿ. ಸಭಾಭವನ ಸ್ಟ್ಯಾಂಡಿನ ಹಿಂದೇ ಐತಿ."

"ಹ್ಞೂಂ, ನೋಡೋಣು."

"ನೋಡೋಣು ಅಲ್ರಿ. ನೋಡ್ಬೇಕು!"

ತಟ್ಟೆಯಿಂದ ತಲೆ ಎತ್ತಿದರು. "ಆತು, ಬರ್ತೀನಿ. ಆದ್ರ ಖರ್ಚು ಮಾಡಬ್ಯಾಡ" ಎಂದರು.

ಒಂದು ಪೈಸೆಯೂ ಖರ್ಚಿಲ್ಲದೆ ಸ್ವರ್ಗದಿಂದ ಇಳಿದು ಬರುವುದಾಗಿ ನಾನು ಆ ಕ್ಷಣವೇ ಪಣ ತೊಟ್ಟೆ.

ನನ್ನ ಪಾಲಿನ ವಸ್ತ್ರವಿನ್ಯಾಸಕಿ ಪಕ್ಕದ ಮನೆಯ ಜೈನಾಬಿ. ಬ್ಲೌಸ್ ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ. ಅವಳ ಗಂಡ ಮೆಹಬೂಬಣ್ಣನದು ಸೈಕಲ್ ಅಂಗಡಿ. ಬಿದಿರು ಕಡ್ಡಿ, ಹಳೆ ಪಂಚಾಂಗದ ಹಾಳೆ, ಮೈದಾ ಅಂಟು ಇವುಗಳಿಂದ ಎರಡು ದಿನ ಕೂತು ಮೊದಲ ಜೋಡಿ ರೆಕ್ಕೆ ಮಾಡಿದೆವು. ಒಣಗಲೆಂದು ಅಂಗಳದಲ್ಲಿಟ್ಟು ಚಹಾ ಕುಡಿಯಲು ಒಳಗೆ ಹೋದೆವು. ಹೊರಗೆ ಬಂದಾಗ ಜೈನಾಬಿಯ ಆಡು ಎಡಗಡೆಯ ರೆಕ್ಕೆ ಮುಗಿಸಿ ಬಲಗಡೆಯದಕ್ಕೆ ಬಾಯಿ ಹಾಕಿತ್ತು.

"ಹಾಳಾದ್ದು! ನಿನ್ನೆ ಹಸಿ ಹುಲ್ಲು ಹಾಕಿದ್ರ ಮೂಸಿ ನೋಡ್ಲಿಲ್ಲ ಸರೋಜಕ್ಕಾ!" ಎಂದು ಜೈನಾಬಿ ಕಡ್ಡಿ ಹಿಡಿದು ಅದರ ಹಿಂದೆ ಓಡಿದಳು.

ಮೆಹಬೂಬಣ್ಣ ಅಂಗಡಿಯಿಂದ ಎದ್ದು ಬಂದು, ಶವಪರೀಕ್ಷೆ ಮಾಡುವ ಡಾಕ್ಟರಂತೆ ಅಳಿದುಳಿದ ಕಡ್ಡಿಗಳನ್ನು ತಿರುವಿ ನೋಡಿದ. "ಕಾಗದದ ಆಟ ಬಿಡಮ್ಮ. ಹಳೇ ಛತ್ರಿ ಎರಡು ಕೊಡು. ಬಿಚ್ಚಿ ಮುಚ್ಚೋ ರೆಕ್ಕೀನ ಮಾಡಿಕೊಡ್ತೀನಿ" ಎಂದ.

ಮಾಡಿಯೂ ಕೊಟ್ಟ! ಛತ್ರಿಗಳ ಕರಿಬಟ್ಟೆ ತೆಗೆದು, ಕಡ್ಡಿಗಳಿಗೆ ನಮ್ಮ ಮನೆಯವರ ಧೋತ್ರ ಹೊದಿಸಿ, ಸೈಕಲ್ ಬ್ರೇಕಿನ ತಂತಿ ಜೋಡಿಸಿದ. ಬ್ರೇಕಿನ ಹಿಡಿಕೆಗಳು ನನ್ನ ಎರಡೂ ಕೈಯಲ್ಲಿ. ಎಡ ಬ್ರೇಕ್ ಒತ್ತಿದರೆ ಎಡ ರೆಕ್ಕೆ, ಬಲ ಬ್ರೇಕ್ ಒತ್ತಿದರೆ ಬಲ ರೆಕ್ಕೆ. ಬ್ರೇಕ್ ಒತ್ತಿದರೆ ಲೋಕವೆಲ್ಲ ನಿಲ್ಲುತ್ತದೆ. ನಾನೊಬ್ಬಳು ಹಾರುತ್ತೇನೆ!

ಇನ್ನು ಉಳಿದದ್ದು ಬೆಳ್ಳಿಯ ಬಣ್ಣ. ಯಾರದೋ ಗೇಟಿಗೆ ಬಳಿದು ಉಳಿದಿದ್ದ ಪೇಂಟನ್ನು ಮೆಹಬೂಬಣ್ಣ ಡಬ್ಬಿಯ ತಳದಲ್ಲಿಟ್ಟುಕೊಂಡಿದ್ದ. ಅದು ಅರ್ಧ ರೆಕ್ಕೆಗೂ ಸಾಲುವಂತಿರಲಿಲ್ಲ. ಇಲ್ಲಿ ನನ್ನ ಮಿತವ್ಯಯದ ಬುದ್ಧಿ ಜಾಗೃತವಾಯಿತು. ಸಾರಿಗೆ ನೀರು ಬೆರೆಸಿ ನೆಂಟರನ್ನು ಸುಧಾರಿಸಿದವಳು ನಾನು. ಪೇಂಟಿಗೆ ಧಾರಾಳವಾಗಿ ಸೀಮೆಎಣ್ಣೆ ಬೆರೆಸಿದೆ. ಪೇಂಟು ಎರಡೂ ರೆಕ್ಕೆಗೆ ಸಾಕಾಯಿತು. ಬೆಳ್ಳಿ ಮಾತ್ರ ಎಲ್ಲಿಯೂ ಕಾಣಲಿಲ್ಲ. ರೆಕ್ಕೆಗಳು ಒಲೆಯ ಬೂದಿಯ ಬಣ್ಣ ತಾಳಿ, ಮೂರು ದಿನ ಕಳೆದರೂ ಒಣಗದೆ ಸ್ಟೋವಿನ ವಾಸನೆ ಬೀರುತ್ತ ನಿಂತವು.

"ದೂರದಿಂದ ನೋಡಿದ್ರ ಬೆಳ್ಳೀನ ಅನಸ್ತೈತಿ" ಎಂದಳು ಜೈನಾಬಿ.

"ಎಷ್ಟು ದೂರದಿಂದ?"

ಅವಳು ದಾರ ಹುಡುಕುವ ನೆಪದಲ್ಲಿ ಒಳಗೆ ನಡೆದಳು. ರೆಕ್ಕೆ ಜಾರಬಾರದೆಂದು ಭಾನುವಾರ ಅದನ್ನು ನನ್ನ ಮೈಮೇಲೇ ಬ್ಲೌಸಿಗೆ ಸೇರಿಸಿ ಹೊಲಿದಳು. ದಬ್ಬಳದಲ್ಲಿ, ಗೋಣಿಚೀಲ ಹೊಲಿಯುವ ದಾರದಲ್ಲಿ.

ಮಧ್ಯಾಹ್ನ ರೆಕ್ಕೆಗಳ ಮೇಲೆ ಚಾದರ ಹೊದ್ದು ಕೊಟ್ಟೂರಿನ ಬಸ್ಸು ಹತ್ತಿದೆ. ಮುದುಡಿದ ರೆಕ್ಕೆಗಳಿಂದ ಗೂನುಬೆನ್ನಾಗಿದ್ದ ನನ್ನನ್ನು ಕಂಡು ಯಾರೋ ಪುಣ್ಯಾತ್ಮರು ಎದ್ದು ಸೀಟು ಕೊಟ್ಟರು. ರಸ್ತೆಯ ಗುಂಡಿಯೊಂದಕ್ಕೆ ಬಸ್ಸು ಜಿಗಿಯಿತು. ನಾನು ಹೆದರಿ ಎಡಗೈ ಬಿಗಿ ಹಿಡಿದೆ. ಎಡಗೈಯಲ್ಲಿದ್ದದ್ದು ಬ್ರೇಕ್! ರೆಕ್ಕೆ ಫಟ್ಟನೆ ಬಿಚ್ಚಿ ಪಕ್ಕದ ಅಜ್ಜನ ರುಮಾಲನ್ನು ಕಿಟಕಿಯಿಂದ ಆಚೆ ಕಳಿಸಿತು. ಬಸ್ಸು ನಿಲ್ಲಿಸಿ ರುಮಾಲು ತಂದದ್ದಾಯಿತು. ಅಜ್ಜ ಮಾತ್ರ ಸಿಟ್ಟಾಗದೆ, "ಯಾವ ಊರಿನ ದೇವಿ ತಾಯಿ ನೀನು?" ಎಂದು ಕೈಮುಗಿದ. ನಾಚಿಕೆಯಿಂದ ರೆಕ್ಕೆಯನ್ನು ಒತ್ತಿ ಮಡಚಿದೆ. ಒಳಗೆ ತಂತಿ ಟಪ್ ಎಂದಿತು.

ಸಭಾಭವನದಲ್ಲಿ ನನ್ನದು ಏಳನೆಯ ನಂಬರು. ಮೂರೂವರೆಗೆ ಸರಿಯಾಗಿ ಕರೆದರು. ಬಾಗಿಲ ಕಡೆ ನೋಡಿದೆ. ಅವರು ಬಂದಿರಲಿಲ್ಲ. "ಮೇಡಂ, ನನ್ನನ್ನ ಹಿಂದ ಹಾಕ್ರಿ" ಎಂದು ಬೇಡಿಕೊಂಡೆ. ಎಂಟನೆಯವಳು ಹೋದಳು, ಒಂಬತ್ತನೆಯವಳು ಹೋದಳು. ಬಾಗಿಲಲ್ಲಿ ಖಾಕಿ ಬಣ್ಣ ಸುಳಿದಾಗಲೆಲ್ಲ ಎದೆ ಹಾರುತ್ತಿತ್ತು. ಒಮ್ಮೆ ಪೋಸ್ಟ್‌ಮ್ಯಾನ್, ಇನ್ನೊಮ್ಮೆ ಯಾವುದೋ ಆಟೋದವ. ಎಲ್ಲರ ಸರದಿಯೂ ಮುಗಿದು ವೇದಿಕೆ ಖಾಲಿ ಉಳಿಯಿತು. ನಾಲ್ಕೂ ಕಾಲಾಗಿತ್ತು.

"ಇನ್ನ ಹಿಂದ ಹಾಕಾಕ ಯಾರೂ ಇಲ್ಲಮ್ಮ" ಎಂದರು ಮೇಡಂ.

ಹೋದೆ. ಮೆಟ್ಟಿಲು ಹತ್ತಿ, ಮೋಡ ಇಳಿಯುವವಳಂತೆ ಕಣ್ಣು ಅರೆಮುಚ್ಚಿ, ಎರಡೂ ಬ್ರೇಕ್ ಒತ್ತಿದೆ. ಬಲ ರೆಕ್ಕೆ ಬಿಚ್ಚಿತು. ಎಡದ್ದು ಬಿಚ್ಚಲಿಲ್ಲ. ವೇದಿಕೆಯ ಮೂಲೆಯಲ್ಲಿ ಗಣ್ಯರಿಗೆಂದು ಒಂದು ದೊಡ್ಡ ಟೇಬಲ್ ಫ್ಯಾನ್ ಇಟ್ಟಿದ್ದರು. ಅದರ ಗಾಳಿ ಬಿಚ್ಚಿದ ರೆಕ್ಕೆಗೆ ತುಂಬಿಕೊಂಡು ನನ್ನನ್ನು ಗರಕ್ಕನೆ ತಿರುಗಿಸಿತು. ಸಭೆಗೆ ಬೆನ್ನು, ಗಣ್ಯರಿಗೆ ಮುಖ! ತಿರುಗಿ ನಿಂತೆ; ಮತ್ತೆ ತಿರುಗಿಸಿತು. ಬಾಯಿಪಾಠ ಮಾಡಿಕೊಂಡಿದ್ದ ಮಾತುಗಳು ಆ ಸುತ್ತಿನಲ್ಲಿ ಎಲ್ಲಿಗೋ ಹಾರಿಹೋದವು. ಹಾರಿದ್ದು ಅವು ಮಾತ್ರ.

ತೀರ್ಪುಗಾರರಾಗಿದ್ದ ನಿವೃತ್ತ ಹೆಡ್‌ಮಿಸ್ಟ್ರೆಸ್ ಮೈಕಿಗೆ ಬಾಗಿ ಬಹಳ ಅಂತಃಕರಣದಿಂದ ಕೇಳಿದರು: "ಯಾವ ಪಾತ್ರಮ್ಮ ಇದು? ಬಾವಲೀನಾ?"

ಸಭೆ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ, ಬೇರೆ ಏನು ಮಾಡುವುದು? ನಗುತ್ತಲೇ ಮತ್ತೊಮ್ಮೆ ಬಾಗಿಲ ಕಡೆ ನೋಡಿದೆ. ಅಷ್ಟು ಜನ ನನ್ನನ್ನೇ ನೋಡುತ್ತಿದ್ದರು. ಬೇಕಾಗಿದ್ದ ಒಂದು ಜೊತೆ ಕಣ್ಣು ಮಾತ್ರ ಅಲ್ಲಿರಲಿಲ್ಲ. ಈಗ ಬಾರದಿದ್ದರೆ ಒಳ್ಳೆಯದು ಎಂದೂ ಅನ್ನಿಸಿತು, ಬಂದೇಬಿಡಲಿ ಎಂದೂ ಅನ್ನಿಸಿತು.

ಕುಕ್ಕರ್ ಬೇರೆಯವರ ಪಾಲಾಯಿತು. ಬಾವಲಿಯ ಬಗ್ಗೆ ಸಮಾಜದಲ್ಲಿ ಅರಿವು ಮೂಡಿಸಿದ್ದಕ್ಕಾಗಿ ನನಗೆ ಸಮಾಧಾನಕರ ಬಹುಮಾನ ಎಂದು ಒಂದು ಸೋಪಿನ ಡಬ್ಬಿ ಕೊಟ್ಟರು.

ಬಿಚ್ಚಿದ ರೆಕ್ಕೆ ಮತ್ತೆ ಮುಚ್ಚಲು ಒಪ್ಪಲಿಲ್ಲ. ಜೈನಾಬಿಯ ಹೊಲಿಗೆ ಕೀಳಲು ನಾಲ್ಕು ಹೆಂಗಸರು ಕೈ ಹಚ್ಚಿ ಸೋತರು. ಹಾಗೆಯೇ ಬಸ್ ಸ್ಟ್ಯಾಂಡಿಗೆ ನಡೆದೆ. ಐದರ ಸುಮಾರಿಗೆ ಅವರ ಬಸ್ಸು ಬಂತು. ಬಾಗಿಲಿಂದ ಹಾರಿ ಇಳಿದವರ ಕೈಯೆಲ್ಲ ಗ್ರೀಸು, ಮುಖವೆಲ್ಲ ಬೆವರು.

"ದಾರ್ಯಾಗ ಟಾಯರ್ ಪಂಕ್ಚರಾತು ಸರೋಜಾ. ಜಾಕ್ ಬ್ಯಾರೆ ಕೈ ಕೊಡ್ತು. ಮುಗೀತೇನು?"

"ಮುಗೀತ್ರಿ" ಎಂದೆ. ಅದಕ್ಕಿಂತ ಹೆಚ್ಚು ಹೇಳಿದ್ದರೆ ಅತ್ತುಬಿಡುತ್ತಿದ್ದೆ.

ಬಸ್ಸಿನಲ್ಲಿ ಹಿಂದಿನ ಸೀಟೇ ಗತಿ. ರೆಕ್ಕೆ ಇನ್ನೊಬ್ಬರ ಜಾಗವನ್ನೂ ಆಕ್ರಮಿಸಿತು. ಅವರು ಟಿಕೆಟ್ ಹರಿಯುತ್ತ ಬಂದು ಕೆಮ್ಮಿದರು. "ಮುಂದ ಚೆಕಿಂಗ್ ಅದಾರಂತ. ಅದಕ್ಕ..." ಎನ್ನುತ್ತ ಎರಡು ಟಿಕೆಟ್ ಹರಿದು ಕೈಗಿತ್ತರು. ಒಂದು ನನಗೆ. ಇನ್ನೊಂದು ಲಗೇಜು! ನಿಯಮ ಎಂದರೆ ನಿಯಮ. ಸ್ವರ್ಗದವರಿಗೂ ರಿಯಾಯಿತಿ ಇಲ್ಲ.

ನಮ್ಮ ಕ್ರಾಸಿನಲ್ಲಿ ಬಸ್ಸು ನಿಂತಿತು. ರೆಕ್ಕೆ ಬಾಗಿಲಿಗೆ ಸಿಕ್ಕಿಕೊಂಡಿತು. ಅವರು ಮೊದಲು ಇಳಿದು, ಹುಷಾರಾಗಿ ಅದನ್ನು ಓರೆ ಮಾಡಿ ನನ್ನನ್ನು ಇಳಿಸಿಕೊಂಡರು. ಪಡುವಣದ ಬಿಸಿಲು ನೇರ ನಮ್ಮ ಮೇಲಿತ್ತು. ಆ ಎಳೆದಾಟಕ್ಕೋ ಏನೋ, ಅಷ್ಟು ಹೊತ್ತು ಮುನಿಸಿಕೊಂಡಿದ್ದ ಎಡ ರೆಕ್ಕೆ ತಾನಾಗಿ, ನಿಧಾನವಾಗಿ ಬಿಚ್ಚಿಕೊಂಡಿತು. ಬೂದಿಯ ಬಣ್ಣ ಬಿಸಿಲಿಗೆ ಹೊಳೆಯಿತೆಂದು ನಾನು ಹೇಳುವುದಿಲ್ಲ. ಹಸಿ ಪೇಂಟು, ಸ್ವಲ್ಪ ಮಿರಿಮಿರಿ ಎಂದಿತು, ಅಷ್ಟೇ.

ಅವರು ನೋಡಿದರು. ಪಾದದಿಂದ ತಲೆಯವರೆಗೆ, ಈ ರೆಕ್ಕೆಯ ತುದಿಯಿಂದ ಆ ರೆಕ್ಕೆಯ ತುದಿಯವರೆಗೆ. ಬಸ್ಸಿನಲ್ಲಿ ಯಾರೋ ಕೂಗುತ್ತಿದ್ದರು. ಅವರಿಗೆ ಕೇಳಿಸಲಿಲ್ಲ. ಹನ್ನೊಂದು ವರ್ಷ ನಾನು ಕಾದದ್ದು ಇದಕ್ಕೇ ಎಂದು ಆಗ ತಿಳಿಯಿತು. ಉಸಿರು ಬಿಗಿಹಿಡಿದು ನಿಂತೆ. ಇನ್ನೊಂದು ಗಳಿಗೆ ಹೀಗೇ ಇರಲಿ.

"ಎಷ್ಟ್ ಚಂದ ಕಾಣ್ತೀಯಲೇ" ಎಂದರು, ಯಾರೋ ಹೊಸಬಳಿಗೆ ಹೇಳುವಂತೆ ಮೆಲ್ಲಗೆ.

ನಾನು ಏನಾದರೂ ಅನ್ನುವಷ್ಟರಲ್ಲಿ, ಗಲಿಬಿಲಿಗೊಂಡರೋ, ಬರೀ ಅಭ್ಯಾಸ ಬಲವೋ, ಕೈಯಲ್ಲಿದ್ದ ಸೀಟಿಯನ್ನು ಬಾಯಿಗಿಟ್ಟು ಜೋರಾಗಿ ಊದಿ "ರೈಟ್!" ಎಂದುಬಿಟ್ಟರು.

ಬಸ್ಸು ಹೊರಟೇಹೋಯಿತು. ಕಂಡಕ್ಟರು ನೆಲದ ಮೇಲೆ!

"ಲೇ ಲೇ ಲೇ! ನಿಲ್ಲಿಸ್ರೋ!" ಎಂದು ಚರ್ಮದ ಚೀಲವನ್ನು ಎದೆಗೆ ಅವಚಿಕೊಂಡು ಅವರು ಬಸ್ಸಿನ ಹಿಂದೆ ಓಡಿದ ಓಟ ನನ್ನ ಕಣ್ಣಿಗೆ ಕಟ್ಟಿದಂತಿದೆ. ಓಡುತ್ತಲೇ ಎರಡು ಸಲ ಹಿಂತಿರುಗಿ ನನ್ನ ಕಡೆ ನೋಡಿದರು. ಮೂರನೆಯ ಸಲ ನೋಡಲು ಹೋಗಿ ಮೈಲಿಗಲ್ಲು ಎಡವಿದರು.

ಸಹಾಯಕ್ಕೆಂದು ನಾನೂ ಓಡಿದೆ. ಎದುರುಗಾಳಿ ಎರಡೂ ರೆಕ್ಕೆಗೆ ತುಂಬಿಕೊಂಡಿತು. ನಾಲ್ಕು ಹೆಜ್ಜೆ ಓಡಿದವಳು ಎಂಟು ಹೆಜ್ಜೆ ಹಿಂದಕ್ಕೆ ಬಂದೆ!