ಬೆಳೆ ಚೆನ್ನಾಗಿದೆ ಎನ್ನಬಾರದು

ನಮ್ಮ ಸೀಮೆಯಲ್ಲಿ "ಬೆಳೆ ಹೇಗಿದೆ?" ಎಂದು ಕೇಳಿದಾಗ "ಚೆನ್ನಾಗಿದೆ" ಎಂದು ಉತ್ತರಿಸಿದ ಮನುಷ್ಯನನ್ನು ನಾನು ಇದುವರೆಗೆ ನೋಡಿಲ್ಲ. ಆಳೆತ್ತರ ಬೆಳೆದ ಜೋಳದ ಹೊಲದ ಬದುವಿನಲ್ಲಿ ನಿಂತುಕೊಂಡೇ "ಏನಿಲ್ಲ ಬಿಡಿ, ಈ ಸಲ ಎಲ್ಲಾ ಹೋಯ್ತು" ಅನ್ನುತ್ತಾರೆ. ಕೇಳಿದವರೂ "ಅಯ್ಯೋ ಪಾಪ" ಎಂದು ಲೊಚಗುಟ್ಟುತ್ತಾರೆ. ಹಾಗೆ ಲೊಚಗುಟ್ಟುತ್ತಲೇ ಹೊಲದ ಕಡೆ ಕಣ್ಣು ಹಾಯಿಸಿ, ಎಷ್ಟು ಮೂಟೆ ಆಗಬಹುದೆಂದು ಒಳಗೊಳಗೇ ಅಂದಾಜು ಮಾಡಿಕೊಂಡು ಮುಂದೆ ಹೋಗುತ್ತಾರೆ. ಇದನ್ನು ಸುಳ್ಳು ಅನ್ನಲು ನನಗೆ ಮನಸ್ಸಿಲ್ಲ. ಸುಳ್ಳೆಂದರೆ ಒಬ್ಬರಾದರೂ ನಂಬಬೇಕು. ಇಲ್ಲಿ ಹೇಳಿದವರೂ ನಂಬುವುದಿಲ್ಲ, ಕೇಳಿದವರೂ ನಂಬುವುದಿಲ್ಲ. ಚೆನ್ನಾಗಿದೆ ಅಂದರೆ ಕಣ್ಣು ಬೀಳುತ್ತದೆ, ಕಣ್ಣು ಬಿದ್ದರೆ ಬೆಳೆ ಹೋಗುತ್ತದೆ, ಆದ್ದರಿಂದ ಹೋಗುವ ಮೊದಲೇ ಹೋಯಿತು ಅಂದುಬಿಡುವುದು ಕ್ಷೇಮ. ಹಾಸನದಿಂದ ಹೊಳೆನರಸೀಪುರದವರೆಗೆ, ಅರಕಲಗೂಡಿನಿಂದ ಚನ್ನರಾಯಪಟ್ಟಣದವರೆಗೆ ಎಲ್ಲಿ ಹೋಗಿ ಕೇಳಿದರೂ ಇದೇ ಉತ್ತರ. ಈ ನಾಲ್ಕು ಕಡೆಯೂ ನನಗೆ ನೆಂಟರಿರುವುದರಿಂದ ಇದನ್ನು ನಾನು ಖಾತ್ರಿಯಾಗಿ ಹೇಳಬಲ್ಲೆ.

ನನ್ನ ತವರು ಅರಕಲಗೂಡಿನ ಕಡೆ, ಕೊಟ್ಟಿದ್ದು ನುಗ್ಗೇಹಳ್ಳಿಯ ಹತ್ತಿರದ ಒಂದು ಊರಿಗೆ. ತವರಿನಲ್ಲೂ ಇದೇ ಶಾಸ್ತ್ರವಿತ್ತು. ಆದರೆ ಹಾಸನದ ಹಾಸ್ಟೆಲಿನಲ್ಲಿದ್ದು ಡಿಗ್ರಿ ಮುಗಿಸಿದ ಸೊಕ್ಕಿನಲ್ಲಿ, ಇದೆಲ್ಲ ಮೂಢನಂಬಿಕೆ ಎಂದು ತೀರ್ಮಾನಿಸಿಕೊಂಡು ಗಂಡನ ಮನೆಗೆ ಬಂದೆ. ಮದುವೆಯಾದ ಹೊಸದರಲ್ಲಿ ಯಾರೋ ದೂರದ ನೆಂಟರು ರಾಗಿ ಹೊಲ ನೋಡಿ "ಹೆಂಗೈತವ್ವ ಪೈರು?" ಅಂದರು. ನಾನು ಹಲ್ಲು ಬಿಟ್ಟುಕೊಂಡು "ತುಂಬ ಚೆನ್ನಾಗಿದೆ" ಅಂದೆ. ಪಕ್ಕದಲ್ಲಿದ್ದ ನಮ್ಮ ಅತ್ತೆ ನನ್ನ ತೋಳು ಜಿಗುಟಿದ್ದು ಈಗಲೂ ನೆನಪಿದೆ. ಆ ವಾರವೇ ಹೊಲಕ್ಕೆ ಹಂದಿ ನುಗ್ಗಿತು. ನಾನು ಚೆನ್ನಾಗಿದೆ ಅನ್ನದಿದ್ದರೂ ಅವು ಬರುತ್ತಿದ್ದವು, ಪ್ರತಿ ವರ್ಷವೂ ಬರುತ್ತವೆ. ಆದರೆ ಅತ್ತೆಯ ಪ್ರಕಾರ ಆ ಹಂದಿಗಳನ್ನು ಕರೆದಿದ್ದು ಹಾಸನದ ಡಿಗ್ರಿ. "ಬಾಯಿಗೊಂದು ಬೀಗ ಹಾಕ್ಕಳವ್ವ ತಾಯಿ, ನಿನ್ನ ದಮ್ಮಯ್ಯ" ಎಂದು ಅವರು ಕೈಮುಗಿದ ಮೇಲೆ ನಾನೂ ಕಲಿತೆ. ಕಲಿತೆ ಅಂದರೆ ಸಾಧಾರಣವಾಗಿ ಅಲ್ಲ. ಈಗ "ಎಲ್ಲಾ ಹೋಯ್ತು" ಅನ್ನುವುದರಲ್ಲಿ ಇಡೀ ಹೋಬಳಿಯಲ್ಲಿ ನನ್ನ ಸಮ ಯಾರೂ ಇಲ್ಲ.

ಹಸುವಿನ ವಿಷಯದಲ್ಲಿ ಈ ಶಾಸ್ತ್ರ ಇನ್ನೂ ಬಿಗಿ. ನಮ್ಮ ಮನೆಯಲ್ಲಿ ಚುಕ್ಕಿ ಅಂತ ಒಂದು ಸೀಮೆ ಹಸು ಇತ್ತು. ಹಣೆಯ ಮೇಲೆ ಬಿಳಿಯ ಬೊಟ್ಟು, ಕೊರಳಿಗೆ ಅತ್ತೆ ಕಟ್ಟಿದ ಕರಿ ದಾರ. ಕರುವಾಗಿದ್ದಾಗಿನಿಂದ ನಾನೇ ಸಾಕಿದ್ದು. ಅದು ಎಷ್ಟು ಹಾಲು ಕೊಡುತ್ತದೆಂದು ಯಾರಾದರೂ ಕೇಳಿದರೆ "ಏನೋ, ಕಾಫಿಗಾಗುತ್ತೆ" ಅನ್ನಬೇಕು. ಡೈರಿಗೆ ಹಾಲು ಒಯ್ಯುವಾಗ ಕ್ಯಾನಿನ ಮೇಲೆ ಸೆರಗು ಮುಚ್ಚಿಕೊಂಡು, ದಾರಿಯಲ್ಲಿ ಯಾರ ಮುಖವನ್ನೂ ನೋಡದೆ ಹೋಗಬೇಕು. ಹೀಗೆ ಕಳ್ಳಮಾಲಿನಂತೆ ಸಾಗಿಸಿದ ಹಾಲನ್ನು ಡೈರಿಯವನು ಮಿಷನ್ನಿಗೆ ಸುರಿದ ಕೂಡಲೇ ಲೀಟರ್ ಎಷ್ಟು, ಜಿಡ್ಡು ಎಷ್ಟು ಎಂದು ಕೆಂಪು ಅಕ್ಷರದಲ್ಲಿ ಊರಿಗೆಲ್ಲ ಕಾಣುವಂತೆ ಹೊತ್ತಿಕೊಳ್ಳುತ್ತದೆ. ಸಾಲಿನಲ್ಲಿ ನಿಂತ ಹೆಂಗಸರೆಲ್ಲ ಅದನ್ನು ಓದಿ, ನನ್ನ ಕಡೆ ತಿರುಗಿ, "ಹಾಲು ಕಮ್ಮಿಯಾಯ್ತೇನೋ ಸುಶೀಲಕ್ಕ?" ಅನ್ನುತ್ತಾರೆ. ನಾನು "ಹೂಂ ಕಣ್ರೆ, ಬತ್ತೋಯ್ತು" ಅನ್ನುತ್ತೇನೆ. ಎಲ್ಲರಿಗೂ ಸಮಾಧಾನವಾಗುತ್ತದೆ.

ಸುಗ್ಗಿ ಹತ್ತಿರ ಬಂತೆಂದರೆ ಬೆಳಿಗ್ಗೆ ನಮ್ಮ ನಾಲ್ಕೂ ಕಡೆಯ ನೆಂಟರ ಫೋನ್ ವಾರ್ತೆ ಶುರು. ಹಾಸನದ ಚಿಕ್ಕಮ್ಮ ಆಲೂಗೆಡ್ಡೆ ಕೊಳೆತ ಸುದ್ದಿಯಿಂದ ಆರಂಭಿಸುತ್ತಾರೆ. ಹೊಳೆನರಸೀಪುರದ ನನ್ನ ನಾದಿನಿ ಭತ್ತಕ್ಕೆ ರೋಗ, ನಾಲೆಯಲ್ಲಿ ನೀರಿಲ್ಲ ಅನ್ನುತ್ತಾಳೆ. ಹಿಂದಿನಿಂದ ಅವಳ ಗಂಡ ಭತ್ತ ತುಂಬಲು ಚೀಲ ಸಾಲದೆಂದು ಕೂಗುವುದು ಕೇಳಿಸುತ್ತಿರುತ್ತದೆ. ಅರಕಲಗೂಡಿನ ನನ್ನ ತಮ್ಮ ರಂಗಸ್ವಾಮಿಗೆ ಶುಂಠಿ, ಜೋಳ, ಭತ್ತ ಮೂರೂ ಇರುವುದರಿಂದ ಅವನ ಗೋಳು ಎಲ್ಲರಿಗಿಂತ ಉದ್ದ. ಇದಕ್ಕೆಲ್ಲ ಒಂದು ಲೆಕ್ಕಾಚಾರವಿದೆ. ಸಣ್ಣಗೆ ನರಳಿದರೆ ಬೆಳೆ ಸಾಧಾರಣ, ದೇವರ ಹೆಸರು ಹಿಡಿದು ಗೋಳಾಡಿದರೆ ಒಳ್ಳೆಯ ಬೆಳೆ, ಅಳು ಬಂದರೆ ಹೊಸ ಟ್ರ್ಯಾಕ್ಟರ್ ತೆಗೆಯುತ್ತಿದ್ದಾರೆಂದೇ ಅರ್ಥ. ಈ ಭಾಷೆ ನಮಗೆಲ್ಲ ಬಾಯಿಪಾಠವಾಗಿರುವುದರಿಂದ ಯಾರಿಗೂ ತೊಂದರೆಯಿರಲಿಲ್ಲ. ನಿಜವಾಗಿ ಹಾಳಾದಾಗ ಯಾವ ಮಾತಿನಲ್ಲಿ ಹೇಳಬೇಕು ಎಂಬುದನ್ನು ಮಾತ್ರ ನಾವು ಯಾರೂ ಯೋಚಿಸಿರಲಿಲ್ಲ.

ಈ ಕಾರ್ತಿಕದಲ್ಲಿ ನಮ್ಮ ರಾಗಿ ಎಂಥದ್ದು ಬಂದಿತ್ತು ಗೊತ್ತೇ? ಈಗ ಹೇಳಿದರೆ ಏನೂ ಹೋಗುವುದಿಲ್ಲ, ಹೋಗಲು ಏನೂ ಉಳಿದಿಲ್ಲ. ತೆನೆ ಮುಷ್ಟಿ ಕಟ್ಟಿಕೊಂಡು ಬಾಗಿತ್ತು. ನಾನು ಹೋಬಳಿಗೆಲ್ಲ ಎಲ್ಲಾ ಹೋಯ್ತು ಎಂದು ಸಾರಿಕೊಂಡು ಬಂದೆ. ಊರಿಗೆ ಕಟಾವಿನ ಮಿಷನ್ ಬಂದು, ಅಕ್ಕಪಕ್ಕದ ಹೊಲದವರೆಲ್ಲ ಮಿಷನ್ನಿನಲ್ಲಿ ಕೊಯ್ಸಿ ರಾಗಿಯನ್ನು ಮನೆಗೆ ತಂದುಕೊಂಡರು. ಚನ್ನರಾಯಪಟ್ಟಣದ ಒಂದು ಶಾಲೆಯಲ್ಲಿ ಗುಮಾಸ್ತರಾಗಿರುವ ನಮ್ಮ ಯಜಮಾನರು ಬೆಳಗಿನ ಬಸ್ಸು ಹತ್ತುವ ಮುಂಚೆ "ನಾವೂ ಮಿಷನ್ನಲ್ಲೇ ಕೊಯ್ಸಿಬಿಡೋಣ" ಅಂದರು. ನಾನು ಒಪ್ಪಲಿಲ್ಲ. ಮಿಷನ್ನಿನಲ್ಲಿ ಕೊಯ್ದರೆ ಹುಲ್ಲು ಪುಡಿಯಾಗಿ ಮಣ್ಣು ಸೇರುತ್ತದೆ, ಅರ್ಧದಷ್ಟು ಹೊಲದಲ್ಲೇ ಉಳಿಯುತ್ತದೆ. ಕೈಯಲ್ಲಿ ಕೊಯ್ದು, ಹಿಡಿ ಹಿಡಿಯಾಗಿ ನೆಲದ ಮೇಲೆ ಅರಿ ಹಾಕಿ ಒಣಗಿಸಿ, ಕಂತೆ ಕಟ್ಟಿದ ಹುಲ್ಲನ್ನು ಹಸು ವರ್ಷವಿಡೀ ತಿನ್ನುತ್ತದೆ. ಚುಕ್ಕಿ ಗಬ್ಬವಾಗಿತ್ತು. ಅದಕ್ಕೆ ಒಳ್ಳೆಯ ಹುಲ್ಲಿರಲಿ ಎಂದು ಆಳು ಹುಡುಕಿ, ಅವರಿಗೆ ಅನ್ನ ಬೇಯಿಸಿ ಹಾಕಿ, ಕೈಯಲ್ಲೇ ಕೊಯ್ಸಿದೆ. ಕೊಯ್ದ ರಾಗಿ ಹೊಲದ ತುಂಬ ಅರಿಯಾಗಿ ಮಲಗಿತು.

ಅಷ್ಟರಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿಯಿತಂತೆ. ಎಲ್ಲಿಯ ಬಂಗಾಳ ಕೊಲ್ಲಿ, ಎಲ್ಲಿಯ ನುಗ್ಗೇಹಳ್ಳಿ! ಆಷಾಢದಲ್ಲಿ ಮಳೆ ಬೇಕೆಂದು ಆಕಾಶ ನೋಡಿ ಕತ್ತು ಹಿಡಿದುಕೊಂಡಾಗ ಒಂದು ಹನಿ ಕಳಿಸದ ಸಮುದ್ರಕ್ಕೆ, ನನ್ನ ರಾಗಿ ನೆಲದ ಮೇಲೆ ಬಿದ್ದಿದೆ ಎಂದು ಯಾರು ಹೇಳಿದರೋ. ಜೋರು ಮಳೆಯಾಗಿದ್ದರೆ ಸುರಿದು ಹೋಗುತ್ತಿತ್ತು. ಇದು ಹಿಡಿದ ಸೋನೆ. ಹಗಲೂ ಅದೇ, ಇರುಳೂ ಅದೇ, ಸೂರ್ಯನ ಸುಳಿವಿಲ್ಲ. ಟಾರ್ಪಾಲು ಹೊದಿಸೋಣವೆಂದರೆ ಹೊಲಕ್ಕೆಲ್ಲ ಹೊದಿಸುವ ಟಾರ್ಪಾಲು ಯಾರ ಮನೆಯಲ್ಲಿದೆ? ಕೊನೆಗೊಂದು ದಿನ ಮೋಡ ಸರಿದಾಗ ಹೋಗಿ ಅರಿ ಎತ್ತಿ ನೋಡಿದೆ. ತೆನೆಯಲ್ಲೇ ಮೊಳಕೆ ಬಂದು ಹಸಿರಾಗಿತ್ತು. ಹುಲ್ಲು ಕಪ್ಪಗಾಗಿ ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಒಂದು ಹಿಡಿ ತಂದು ಚುಕ್ಕಿಯ ಮುಂದೆ ಇಟ್ಟೆ. ಅದು ಮೂಸಿ ನೋಡಿ, ಒಂದು ಸಲ ಉಸಿರುಬಿಟ್ಟು, ಮುಖ ತಿರುಗಿಸಿತು. ನಾನು ಕೊಟ್ಟಿಗೆಯಲ್ಲೇ ಕೂತು ಅತ್ತುಬಿಟ್ಟೆ.

ಅತ್ತು ಮುಗಿಸಿ ರಂಗಸ್ವಾಮಿಗೆ ಫೋನ್ ಮಾಡಿದೆ. "ರಂಗ, ಎಲ್ಲಾ ಹೋಯ್ತು ಕಣ್ಲಾ" ಅಂದೆ. ಅನ್ನುವಷ್ಟರಲ್ಲಿ ಮತ್ತೆ ಅಳು ಬಂತು. ಆ ಕಡೆಯಿಂದ ಅವನು ಗಹಗಹಿಸಿ ನಕ್ಕ.

"ಭೇಷ್ ಕಣಕ್ಕ! ಈ ಪಾಟಿ ಅಳ್ತಾ ಇದ್ದೀಯ ಅಂದ್ರೆ ಈ ಸಲ ಕಣಜ ಒಡೆದೋಗೋ ಅಂಗೆ ಬಂದೈತೆ ಬಿಡು."

"ಲೇ, ದೇವರಾಣೆ ಕಣೋ. ರಾಗಿ ಮೊಳಕೆ ಬಂದೈತೆ, ಹುಲ್ಲೆಲ್ಲ ಕರ‍್ರಗಾಗೈತೆ. ನಿನ್ನ ಭತ್ತದ ಹುಲ್ಲು ಒಂದು ಲೋಡು ಕಳಿಸು ಕಣ್ಲಾ, ಹಸೀಗೆ."

ಹುಲ್ಲಿನ ಮಾತು ಬಂದ ಕೂಡಲೇ ಅವನ ದನಿ ಸಣ್ಣಗಾಯಿತು. "ಅಯ್ಯೋ, ನಮ್ದೂ ಎಲ್ಲಾ ಓಯ್ತು ಕಣಕ್ಕ" ಎಂದು ನರಳಿದ.

ನಾದಿನಿಗೆ ಹೊಲದ ಫೋಟೊ ತೆಗೆದು ಕಳಿಸಿದೆ. ಅವಳು ಕೂಡಲೇ ಫೋನ್ ಮಾಡಿ, "ಅತ್ಗೆ, ನೀವು ಬೋ ಚಾಲಾಕು. ಯಾವ್ದೋ ಮೂಲೇಲಿ ಕೊಳೆತಿರೋದ್ನೇ ಉಡ್ಕಿ ತೆಗ್ದಿದ್ದೀರಲ್ಲ! ನಾನೂ ಓದೊರ್ಸ ಇಂಗೇ ಮಾಡಿದ್ದೆ" ಅಂದಳು. ಅವಳು ಹೋದ ವರ್ಷ ಕಳಿಸಿದ ಫೋಟೊ ನೋಡಿ ನಾನೂ ಇದೇ ಮಾತು ಅಂದಿದ್ದೆ. ನೀವೇ ಹೇಳಿ, ನಾನು ಇನ್ನು ಹೇಗೆ ಹೇಳಬೇಕಿತ್ತು? ಒಂದೇ ಮಾತನ್ನು ಸುಖಕ್ಕೂ ಬಳಸಿ, ಸಂಪತ್ತಿಗೂ ಬಳಸಿ ಸವೆಸಿಬಿಟ್ಟ ಮೇಲೆ ದುಃಖಕ್ಕೆ ಉಳಿಯುವುದೇನು? ನನಗೆ ಅವರ ಮೇಲೆ ಸಿಟ್ಟು ಬಂತು. ನನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು.

ಊರಿನಲ್ಲಿ ಮಾರುವಷ್ಟು ಹುಲ್ಲು ಯಾರ ಬಳಿಯೂ ಇರಲಿಲ್ಲ. ಬರೀ ಬೂಸಾ ತಂದು ಹಾಕಿ ಹಸು ಸಾಕಲು ನಮ್ಮ ಯಜಮಾನರ ಸಂಬಳಕ್ಕೆ ತ್ರಾಣವಿಲ್ಲ. ಚುಕ್ಕಿಯ ಪಕ್ಕೆ ಎದ್ದು ಕಾಣತೊಡಗಿತು. ಕಣ್ಣೆದುರಿಗೆ ಸೊರಗಿಸುವುದಕ್ಕಿಂತ ಹುಲ್ಲಿರುವ ಮನೆಗೆ ಕೊಟ್ಟುಬಿಡೋಣ ಎಂದು ನಮ್ಮ ಯಜಮಾನರು ನಿಧಾನವಾಗಿ ಹೇಳಿದರು. ಅತ್ತೆ ಎದ್ದು ಹಿತ್ತಲಿಗೆ ಹೋದರು. ಮಾರನೆಯ ದಿನವೇ ಹಸು ನೋಡಲು ದಲ್ಲಾಳಿ ಬಂದ. ಸುತ್ತಲೂ ತಿರುಗಿ ನೋಡಿ, ಬೆನ್ನು ಸವರಿ, "ಹಾಲು ಎಂಗಕ್ಕೋ?" ಅಂದ. ನನ್ನ ಬಾಯಿ ಅಭ್ಯಾಸಬಲದಿಂದ "ಏನೋ, ಕಾಫಿಗಾಗುತ್ತೆ" ಅಂದಿತು.

ಅವನ ಮುಖ ಅರಳಿತು. "ಅಂಗಾದ್ರೆ ಒಳ್ಳೆ ಕರಾವು ಅನ್ನಿ" ಎಂದು ಕೊರಳಿನ ಹಗ್ಗಕ್ಕೆ ಕೈಹಾಕಿದ. ಅಲ್ಲಿಗೆ ನಾನು ಸುಮ್ಮನಿರಬೇಕಿತ್ತು. ಆದರೆ ಬದುಕಿನಲ್ಲಿ ಒಂದು ಸಲವಾದರೂ ಆ ಹಸುವಿನ ವಿಷಯದಲ್ಲಿ ನಿಜ ಹೇಳಬೇಕು, ಅದನ್ನು ಕಾಫಿಯ ಹಸು ಎಂದು ಕಳಿಸಬಾರದು ಅನ್ನಿಸಿಬಿಟ್ಟಿತು. "ಇಲ್ಲಪ್ಪ, ಸುಳ್ಳು ಹೇಳ್ದೆ. ಬಂಗಾರದಂಥ ಹಸು. ಎರಡೂ ಹೊತ್ತು ಬಿಂದಿಗೆ ತುಂಬ ಕೊಡುತ್ತೆ. ಒದೆಯಲ್ಲ, ಹಾಯಲ್ಲ, ಮಗು ಬೇಕಾದ್ರೂ ಕರೀಬೌದು" ಅಂದೆ.

ದಲ್ಲಾಳಿ ಹಗ್ಗ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಮತ್ತೆ ಬಗ್ಗಿ ಕೆಚ್ಚಲು ಮುಟ್ಟಿದ, ಬಾಯಿ ಬಿಡಿಸಿ ಹಲ್ಲು ನೋಡಿದ, ಕಾಲು ಎತ್ತಿಸಿದ. ಆಮೇಲೆ ನಮ್ಮ ಯಜಮಾನರನ್ನು ಪಕ್ಕಕ್ಕೆ ಕರೆದು, ನನಗೆ ಕೇಳಿಸುವಂತೆಯೇ, "ಸಾ, ಈಯಮ್ಮ ತಾನಾಗೇ ಒಗಳ್ತಾವ್ರೆ ಅಂದ್ರೆ ಹಸೀಗೆ ಏನೋ ಐಬೈತೆ. ನಿಜ ಯೋಳ್ಬುಡಿ, ಗಬ್ಬ ನಿಂತೈತೋ ಇಲ್ವೋ?" ಅಂದ. ಡಾಕ್ಟರು ನೋಡಿ ಹೇಳಿದ್ದಾರೆ ಎಂದರೂ ನಂಬಲಿಲ್ಲ. ಕೊನೆಗೆ ಐಬಿರುವ ಹಸುವಿಗೆ ಏನು ಕೊಡುತ್ತಾರೋ ಅಷ್ಟನ್ನೇ ಕೊಟ್ಟು ಹೊಡೆದುಕೊಂಡು ಹೋದ. ಚುಕ್ಕಿ ಬೀದಿಯ ತಿರುವಿನಲ್ಲಿ ನಿಂತು ಹಿಂದೆ ನೋಡಿತು. ನಾನು ಆ ಹಸುವಿನ ಮುಂದೆ ಮುಖ ತೋರಿಸಲಾಗದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಆ ಸಂಜೆ ರಂಗಸ್ವಾಮಿಯ ಫೋನ್ ಬಂತು. ಮಾಮೂಲಿನಂತೆ ಶುಂಠಿಯ ಗೋಳು ಹೇಳಿಕೊಂಡು, "ನಿಮ್ ಕಡೆ ಎಂಗೈತಕ್ಕ?" ಅಂದ. ನನಗೆ ಗೋಳಾಡುವ ಶಕ್ತಿ ಇರಲಿಲ್ಲ.

"ಚೆನ್ನಾಗಿದೆ ಕಣೋ" ಅಂದೆ. "ಬೆಳೆ ಚೆನ್ನಾಗಿ ಬಂತು. ಹುಲ್ಲೂ ಚೆನ್ನಾಗಿದೆ. ಹಸೂನೂ ಚೆನ್ನಾಗಿದೆ. ಎಲ್ಲಾ ಚೆನ್ನಾಗಿದೆ."

ಅವನು ಶುಂಠಿಯ ಗೋಳು ಬಿಟ್ಟು ಗಾಬರಿಯಿಂದ ಕೇಳಿದ: "ಅಕ್ಕಾ, ಏನಾಯ್ತು? ಬಾವ ಉಸಾರಾಗವ್ರಾ? ಯಾಕೆ ಇಂಗೆಲ್ಲ ಮಾತಾಡ್ತಾ ಇದ್ದೀಯ? ಈಗ್ಲೇ ಒರಡ್ತೀನಿ ಇರು."

ಬೆಳಗಾಗುವಷ್ಟರಲ್ಲಿ ಮನೆಯ ಮುಂದೆ ಟ್ರ್ಯಾಕ್ಟರ್ ಸದ್ದಾಯಿತು. ಟ್ರೈಲರ್ ತುಂಬ ಭತ್ತದ ಹುಲ್ಲು. ಸೋನೆಗೆ ಮೊದಲೇ ಬಣವೆ ಸೇರಿ ಒಂದು ಹನಿ ಮಳೆ ಕಾಣದ, ಹೊಂಬಣ್ಣದ ಹುಲ್ಲು. ಎಲ್ಲಾ ಹೋಗಿದ್ದ ಅವನ ಗದ್ದೆಯದೇ. ರಂಗಸ್ವಾಮಿ ಕೆಳಗಿಳಿದು ನನ್ನ ಮುಖ ನೋಡಿದ, ಕೊಟ್ಟಿಗೆ ನೋಡಿದ, ಖಾಲಿ ಗೂಟ ನೋಡಿದ. "ಮೊದ್ಲೇ ಇಂಗೆ ಯೋಳಿದ್ರೆ ಬತ್ತಿರ್ನಿಲ್ವಾ ಅಕ್ಕ" ಎಂದು ಅಲ್ಲೇ ಕುಕ್ಕರಿಸಿ ತಲೆಯ ಮೇಲೆ ಕೈಹೊತ್ತುಕೊಂಡ. ಬೈಯಬೇಕೆಂದು ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡು ಅವನಿಗೆ ಕಾಫಿ ಮಾಡಿಕೊಟ್ಟೆ. ಅಂಗಡಿಯಿಂದ ತರಿಸಿದ ಪ್ಯಾಕೆಟ್ ಹಾಲಿನ ಕಾಫಿ. ಆಮೇಲೆ ಇಬ್ಬರೂ ಸೇರಿ ಆ ಹುಲ್ಲನ್ನು ಇಳಿಸಿ ಹಿತ್ತಲಿನಲ್ಲಿ ಬಣವೆ ಒಟ್ಟಿದೆವು. ತಂದ ಹುಲ್ಲನ್ನು ವಾಪಸ್ಸು ಒಯ್ಯುವುದು ಅಪಶಕುನ ಎಂದು ಅತ್ತೆ ಹಠ ಹಿಡಿದಿದ್ದರು.

ತಮ್ಮನನ್ನು ಕಳಿಸಿ ಬಣವೆಯ ಪಕ್ಕದಲ್ಲಿ ಸುಮ್ಮನೆ ನಿಂತಿದ್ದೆ. ರಸ್ತೆಯಲ್ಲಿ ಹೋಗುತ್ತಿದ್ದ ಪಕ್ಕದೂರಿನ ಗೌಡರೊಬ್ಬರು ಬೈಕು ನಿಲ್ಲಿಸಿ, ಬಣವೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಏನಮ್ಮ, ಈ ಸಲ ಬೋ ಜೋರಾಗೈತಲ್ಲ ನಿಮ್ಮನೇಲಿ?" ಅಂದರು.

ನಾನು ಖಾಲಿ ಕೊಟ್ಟಿಗೆಯ ಕಡೆ ನೋಡಿದೆ. "ಏನಿಲ್ಲ ಗೌಡ್ರೆ, ಎಲ್ಲಾ ಹೋಯ್ತು" ಅಂದೆ.

ಗೌಡರಿಗೆ ನಗು ಬಂತು. "ಅಂಗೇ ಅನ್ಬೇಕು ಕಣಮ್ಮ, ಅಂಗೇ ಅನ್ಬೇಕು" ಎಂದು ಮೆಚ್ಚಿಕೊಂಡು, ಇನ್ನೊಂದು ಸಲ ಬಣವೆಯನ್ನು ಕಣ್ಣಲ್ಲೇ ಅಳೆದು, ಬೈಕು ಹತ್ತಿ ಹೋದರು.