ಕರಡಿಯ ಹುಬ್ಬು

ಎಲ್ಲಕ್ಕೂ ಕಾರಣ ಕ್ಲಾವಾ ಚಿಕ್ಕಮ್ಮನ ನಿಬ್ಬು. ಮಾಸ್ಕೋದ ಒಂದು ಕಾರ್ಟೂನ್ ಸ್ಟುಡಿಯೋದಲ್ಲಿ ಇಪ್ಪತ್ತು ವರ್ಷದಿಂದ ಪಾರದರ್ಶಕ ಹಾಳೆಗಳ ಮೇಲೆ ಗೆರೆ ಎಳೆಯುತ್ತಿದ್ದ, ಎಲ್ಲರೂ ಚಿಕ್ಕಮ್ಮ ಅನ್ನುತ್ತಿದ್ದ ಆಕೆಯ ನಿಬ್ಬು ಹೋದ ವಾರ ಬಾಯಿ ಬಿಟ್ಟಿತ್ತು. ಉಗ್ರಾಣಕ್ಕೆ ಅರ್ಜಿ ಹೋಯಿತು, ನಿಬ್ಬು ಬರಲಿಲ್ಲ. ಒಡೆದ ನಿಬ್ಬಿನಲ್ಲೇ ಆಕೆ ಆರುನೂರ ನಲವತ್ತು ಹಾಳೆಗಳಲ್ಲಿ ಕರಡಿಗೆ ದಪ್ಪ ದಪ್ಪ ಹುಬ್ಬು ತೀಡಿದಳು.

ನಿರ್ದೇಶಕ ಯೆಫೀಮ್ ಸಾವಿಚ್ ಅವತ್ತು ಶಿಳ್ಳೆ ಹಾಕುತ್ತ ಕೆಲಸಕ್ಕೆ ಬಂದ. ಮಧ್ಯಾಹ್ನ ಎರಡಕ್ಕೆ ಸರ್ಕಾರದ ಪರಿಶೀಲನಾ ಮಂಡಳಿಯವರು ಹಾಳೆಗಳನ್ನು ನೋಡಿ ಚಿತ್ರೀಕರಣಕ್ಕೆ ಒಪ್ಪಿಗೆ ಕೊಡಬೇಕು. ಕೊಟ್ಟರೆ ಸಂಜೆ ಆರರ ರೈಲಿಗೆ ಹೆಂಡತಿಯ ಜೊತೆ ಕಪ್ಪು ಸಮುದ್ರಕ್ಕೆ. ಅಲ್ಲಿನ ವಿಶ್ರಾಂತಿಧಾಮದ ಚೀಟಿಗಾಗಿ ಒಂಬತ್ತು ವರ್ಷ ಕಾದಿದ್ದರು.

ಕ್ಯಾಮೆರಾದ ಆರ್ಕಾಶಾ ಚಹಾ ಹಿಡಿದು ಬಂದು, ಒಂದು ಹಾಳೆಯನ್ನು ಬೆಳಕಿಗೆ ಎತ್ತಿದ.

"ಯೆಫೀಮ್, ಈ ಕರಡಿ ಯಾರ ಥರ ಇದೆ?"

"ಕರಡಿ ಥರ ಇದೆ."

"ಹುಬ್ಬು ನೋಡು."

ಯೆಫೀಮ್ ನೋಡಿದ. ಪಕ್ಕದಲ್ಲಿ ಅವತ್ತಿನ ಪತ್ರಿಕೆ ಬಿದ್ದಿತ್ತು. ಮೊದಲ ಪುಟದಿಂದ ಅದೇ ಹುಬ್ಬು, ಎರಡು ಪೊರಕೆ ಅಡ್ಡ ಇಟ್ಟ ಹಾಗೆ, ಇವನನ್ನೇ ನೋಡುತ್ತಿತ್ತು. ದೇಶದ ಅತಿ ದೊಡ್ಡ ಕುರ್ಚಿಯಲ್ಲಿ ಕೂತವರ ಹುಬ್ಬು.

"ಕತೆಯಲ್ಲಿ ಕರಡಿ ಏನು ಮಾಡುತ್ತೆ?" ಆರ್ಕಾಶಾ ಕೇಳಿದ.

"ಜೇನು ಕದಿಯುತ್ತೆ. ಆಮೇಲೆ ನಿದ್ದೆ ಹೊಡೆಯುತ್ತೆ."

"ಎಷ್ಟು ಹೊತ್ತು?"

"ಚಿತ್ರ ಮುಗಿಯೋವರೆಗೂ."

ಆರ್ಕಾಶಾ ಲೋಟ ಕೆಳಗಿಟ್ಟ. "ಸಮುದ್ರ ಮರೆತುಬಿಡು. ನಿನ್ನನ್ನ ಸೀದಾ ಸೈಬೀರಿಯಾಕ್ಕೆ ಕಳಿಸ್ತಾರೆ. ಅಲ್ಲಿ ನಿಜವಾದ ಕರಡೀನೇ ಇರುತ್ತೆ, ನೋಡಿ ಬರೀಬಹುದು."

ಹತ್ತು ನಿಮಿಷದಲ್ಲಿ ಇಡೀ ಮಹಡಿ ಅಲ್ಲಿ ನೆರೆದಿತ್ತು.

"ಟೊಪ್ಪಿಗೆ ಹಾಕ್ಬಿಡಿ," ಅಂದರು ಧ್ವನಿ ವಿಭಾಗದವರು.

"ಅವರೂ ಟೊಪ್ಪಿಗೆ ಹಾಕ್ತಾರಲ್ಲ."

"ಹಾಗಾದ್ರೆ ಕನ್ನಡಕ."

"ಕನ್ನಡಕ ಹಾಕಿದ್ರೆ ಇನ್ನೊಬ್ಬರ ಥರ ಕಾಣ್ಸುತ್ತೆ."

ಆ ಇನ್ನೊಬ್ಬರು ಯಾರೆಂದು ಯಾರೂ ಕೇಳಲಿಲ್ಲ. ಎಲ್ಲರೂ ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿದರು.

ಉಳಿದದ್ದು ಒಂದೇ ದಾರಿ. ಗಂಡಸರ ಕ್ಷೌರದ ಬ್ಲೇಡುಗಳೆಲ್ಲ ಹೊರಬಂದವು. ಕ್ಲಾವಾ ಚಿಕ್ಕಮ್ಮ ಕನ್ನಡಕ ಏರಿಸಿಕೊಂಡು, "ನಿಬ್ಬು ಕೇಳ್ದಾಗ ಯಾರೂ ಕೊಡ್ಲಿಲ್ಲ, ಈಗ ಬ್ಲೇಡು ಹಿಡ್ಕೊಂಡು ಸಾಲಾಗಿ ನಿಂತಿದೀರಿ. ನಾನೇನು ಕ್ಷೌರದಂಗಡಿ ಇಟ್ಟಿದೀನಾ, ಯೆಫೀಮ್ ಸಾವಿಚ್?" ಎನ್ನುತ್ತಲೇ ಹಾಳೆಗಳಿಂದ ಹುಬ್ಬು ಕೆರೆಯಲು ಕೂತಳು. ಆರ್ಕಾಶಾ ಹುಬ್ಬಿನ ಜೊತೆ ಒಂದು ಕಿವಿಯನ್ನೂ ತೆಗೆದ. ಯೆಫೀಮ್ ಹೆಬ್ಬೆರಳು ಕುಯ್ದುಕೊಂಡ. ನಡುವೆ ಹೆಂಡತಿ ಲೀದಾಳ ಫೋನ್ ಬಂತು.

"ಕೋಳಿ ಬೇಯಿಸಿ ಕಟ್ಕೊಂಡಿದೀನಿ. ನೀನು ಬರ್ಲಿಲ್ಲಾಂದ್ರೆ ನಾನೂ ಕೋಳೀನೂ ಹೋಗ್ತೀವಿ."

"ಬರ್ತೀನಿ ಕಣೇ. ಒಂದಿನ್ನೂರು ಹುಬ್ಬು ಉಳಿದಿವೆ, ಅಷ್ಟೇ."

"ಕುಡಿದಿದೀಯಾ?" ಎಂದು ಲೀದಾ ಫೋನ್ ಇಟ್ಟಳು.

ಎರಡಕ್ಕೆ ಐದು ನಿಮಿಷವಿರುವಾಗ ಕೊನೆಯ ಹುಬ್ಬು ಹೋಯಿತು. ಕರಡಿ ಈಗ, ಬಚ್ಚಲುಮನೆ ಎಂದು ತಿಳಿದು ಮದುವೆಮನೆಯ ಬಾಗಿಲು ತೆರೆದವನ ಹಾಗೆ ಕಾಣುತ್ತಿತ್ತು. ಆದರೆ ಭೂಮಿಯ ಮೇಲಿನ ಯಾವ ದೊಡ್ಡ ಮನುಷ್ಯರ ಹಾಗೂ ಕಾಣುತ್ತಿರಲಿಲ್ಲ. ಯೆಫೀಮ್ ನೆಮ್ಮದಿಯ ಉಸಿರು ಬಿಟ್ಟ.

ಬಾಗಿಲು ತೆರೆಯಿತು. ಮಂಡಳಿಗೆ ಹೊಸ ಅಧ್ಯಕ್ಷರು. ಯಾವುದೋ ರಾಸಾಯನಿಕ ಕಾರ್ಖಾನೆಯಿಂದ ವರ್ಗವಾಗಿ ಅವತ್ತೇ ಅಧಿಕಾರ ವಹಿಸಿಕೊಂಡವರು. ಅವರು ಟೊಪ್ಪಿಗೆ ತೆಗೆದರು. ನೆತ್ತಿಯಿಂದ ಮೂಗಿನವರೆಗೆ ಆ ಮುಖದಲ್ಲಿ ಒಂದು ಕೂದಲೂ ಇರಲಿಲ್ಲ.

ಆರ್ಕಾಶಾನಿಗೆ ಕ್ಯಾಮೆರಾ ಒರೆಸುವುದಿದೆ ಎಂದು ಥಟ್ಟನೆ ನೆನಪಾಯಿತು. ಹೊರಟುಹೋದ.

ಅಧ್ಯಕ್ಷರು ಒಂದೊಂದೇ ಹಾಳೆ ಎತ್ತಿ ನೋಡಿದರು. ಇಪ್ಪತ್ತನೆಯದಕ್ಕೆ ನಿಂತರು.

"ಇವನೇ ಕಳ್ಳನಾ?"

"ಹೌದು."

"ಕದ್ದು ಮಲಗ್ತಾನೆ."

"ಹೌದು."

"ಯಾರನ್ನ ನೋಡಿ ಬರೆದ್ರಿ?"

"ಯಾರನ್ನೂ ನೋಡಿಲ್ಲ. ನಿಮ್ಮನ್ನಂತೂ ಇದೇ ಮೊದಲು ನೋಡ್ತಿರೋದು."

"ನನ್ನ ಮಾತು ಎಲ್ಲಿ ಬಂತು?"

ಅಧ್ಯಕ್ಷರು ಹಾಳೆಯನ್ನು ಕೆಳಗಿಟ್ಟರು.

"ಹುಬ್ಬು ಹಾಕಿ. ಎಲ್ಲಾ ಹಾಳೆಗೂ. ನಾಳೆ ಬೆಳಿಗ್ಗೆ ನೋಡ್ತೀನಿ."

"ಇವತ್ತು ಸಂಜೆ ನನಗೆ ರೈಲು…"

"ಹೋಗಿ, ಯಾರು ಬೇಡ ಅಂದ್ರು? ಹುಬ್ಬು ಮುಗಿಸಿ ಹೋಗಿ."

"ಎಷ್ಟು ದಪ್ಪ ಬೇಕು?"

"ಎಷ್ಟಾಗುತ್ತೋ ಅಷ್ಟು. ದೂರದಿಂದ್ಲೇ ಕಾಣಬೇಕು."

ಯೆಫೀಮ್ ಪತ್ರಿಕೆಯ ಮೊದಲ ಪುಟದ ಫೋಟೊ ನೋಡಿದ. "ಈ ಮಾತನ್ನ ಒಂದು ಕಾಗದದಲ್ಲಿ ಬರೆದು ಸಹಿ ಹಾಕಿ ಕೊಡ್ತೀರಾ?"

ಅಧ್ಯಕ್ಷರೂ ಆ ಫೋಟೊ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಟೊಪ್ಪಿಗೆಯನ್ನು ಕಣ್ಣಿನವರೆಗೂ ಎಳೆದುಕೊಂಡರು.

"ಹುಬ್ಬಿಗೆಲ್ಲ ಆದೇಶ ಯಾಕೆ, ಕಾಮ್ರೇಡ್?" ಅಂದರು ಬಾಗಿಲ ಹತ್ತಿರದಿಂದ. "ಕಲಾವಿದರು ನೀವು. ನಾನು ಇನ್ನೂ ಏನನ್ನೂ ನೋಡೇ ಇಲ್ಲ."